ಪಟ್ಟಿಗೆ ಸೇರಿ ಮೂವತ್ತು ವರ್ಷ ಕಾದ ಮನೆ: ಮಾಸ್ಕೋದ ನಾರ್ಕೋಮ್‌ಫಿನ್ ಪ್ರಕರಣ

1987ರಲ್ಲಿ ಮಾಸ್ಕೋದ ನೋವಿನ್‌ಸ್ಕಿ ಬುಲೆವಾರ್ಡ್‌ನಲ್ಲಿದ್ದ ಒಂದು ವಸತಿ ಕಟ್ಟಡ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿತು. ಅದರ ಪೂರ್ತಿ ದುರಸ್ತಿ ಶುರುವಾದದ್ದು 2017ರಲ್ಲಿ. ನಡುವೆ ಮೂವತ್ತು ವರ್ಷ ಅದು ಸೋರುತ್ತಾ, ಗಾರೆ ಉದುರಿಸುತ್ತಾ ನಿಂತಿತ್ತು. ಕಾಗದದ ಮೇಲೆ ರಕ್ಷಣೆ ಇತ್ತು, ಸೂರಿನಲ್ಲಿ ತೂತೂ ಇತ್ತು.

ಈ ಬರಹ ಆ ಮನೆಯ ಬಗ್ಗೆ. ಕಟ್ಟಡದ ಹೆಸರು, ಅದನ್ನು ಕಟ್ಟಿದವರ ಹೆಸರು ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಬಚ್ಚಿಟ್ಟಿಲ್ಲ. ಆದರೆ ಅಲ್ಲಿ ವಾಸವಿದ್ದವರು, ಕೊಂಡ ಕಂಪನಿಗಳು, ಕಡತ ನೋಡಿದ ಅಧಿಕಾರಿಗಳು, ಇವರ ಹೆಸರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಯಾರು ತಪ್ಪು ಮಾಡಿದರು ಅನ್ನೋದಕ್ಕಿಂತ ಯಾವ ಹಂತದಲ್ಲಿ ಯಾವ ನಿರ್ಧಾರ ಏನು ಮಾಡಿತು ಅನ್ನೋದು ಮುಖ್ಯ. ಹಳೆ ಕಟ್ಟಡ ಉಳಿಸುವ ಕೆಲಸಕ್ಕೆ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ.

ಹಿನ್ನೆಲೆ

1917ರ ಕ್ರಾಂತಿಯ ನಂತರದ ಮಾಸ್ಕೋದಲ್ಲಿ ಸಾಕಷ್ಟು ಮನೆಗಳೇ ಇರಲಿಲ್ಲ. 1926ರಲ್ಲಿ ಸುಮಾರು 20 ಲಕ್ಷ ಇದ್ದ ಜನಸಂಖ್ಯೆ 1939ರ ಹೊತ್ತಿಗೆ 40 ಲಕ್ಷ ದಾಟಿತ್ತು. ಹಳೆ ಶ್ರೀಮಂತರ ಮನೆಗಳನ್ನು ಕೋಣೆ ಕೋಣೆಯಾಗಿ ಹಂಚಿದರು. ಒಂದು ಕೋಣೆಗೆ ಒಂದು ಕುಟುಂಬ, ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿ ಒಂದೇ. ಅಡುಗೆಮನೆ ಜಗಳ ಅಲ್ಲಿನ ದಿನದ ಸುದ್ದಿಯಾಗಿತ್ತು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರು ಮೊಯ್ಸೇಯ್ ಗಿಂಜ್‌ಬುರ್ಗ್. ಮಿನ್ಸ್ಕ್‌ನಲ್ಲಿ ಹುಟ್ಟಿ, ಇಟಲಿಯ ಮಿಲಾನ್‌ನಲ್ಲಿ ಓದಿದವರು. ಕನ್‌ಸ್ಟ್ರಕ್ಟಿವಿಸಂ ಅಂತ ಕರೆಸಿಕೊಂಡ ವಾಸ್ತುಶಿಲ್ಪದ ಮುಖ್ಯ ಚಿಂತಕ. ಕಟ್ಟಡದ ಆಕಾರ ಅಲಂಕಾರದಿಂದ ಬರಬಾರದು, ಅಲ್ಲಿ ಬದುಕುವವರ ದಿನಚರಿಯಿಂದ ಬರಬೇಕು ಅನ್ನೋದು ಅವರ ಹಟ. 1928ರಲ್ಲಿ ಸರ್ಕಾರದ ನಿರ್ಮಾಣ ಸಮಿತಿಯಲ್ಲಿ ಅವರು ಮತ್ತು ಅವರ ತಂಡ ಕೂತು ಮನೆಗಳ ಮಾದರಿ ತಯಾರಿಸಿತು. ಮಾದರಿಗಳಿಗೆ ಅಕ್ಷರದ ಹೆಸರು. ಅದರಲ್ಲಿ ಜಾಸ್ತಿ ಹೆಸರು ಮಾಡಿದ್ದು ಎಫ್ ಮಾದರಿ.

ರಷ್ಯಾ ಗಣರಾಜ್ಯದ ಹಣಕಾಸು ಇಲಾಖೆಯ ಮುಖ್ಯಸ್ಥರಾಗಿದ್ದ ನಿಕೊಲಾಯ್ ಮಿಲ್ಯೂತಿನ್ ಅವರಿಗೆ ಈ ಯೋಚನೆ ಹಿಡಿಸಿತು. ತಮ್ಮ ಇಲಾಖೆಯ ನೌಕರರಿಗೆ ಒಂದು ಪ್ರಯೋಗದ ಮನೆ ಕಟ್ಟಿಕೊಡಿ ಅಂದರು. ಇಲಾಖೆಯ ಚುಟುಕು ಹೆಸರೇ ನಾರ್ಕೋಮ್‌ಫಿನ್. ಗಿಂಜ್‌ಬುರ್ಗ್ ಮತ್ತು ಇಗ್ನಾತಿ ಮಿಲಿನಿಸ್ ನಕ್ಷೆ ಮಾಡಿದರು, ಸೆರ್ಗೇಯ್ ಪ್ರೊಖೊರೊವ್ ಎಂಜಿನಿಯರ್ ಆದರು. 1928ರಲ್ಲಿ ಶುರುವಾಗಿ 1930ರ ಹೊತ್ತಿಗೆ ಮನೆ ನಿಂತಿತು.

ಮನೆ ಒಳಗೆ ಹೇಗಿತ್ತು ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಂದಿನ ಎಲ್ಲಾ ನಿರ್ಧಾರಗಳೂ ಇದರ ಮೇಲೆಯೇ ನಿಂತಿವೆ.

ನೆಲಮಟ್ಟದಲ್ಲಿ ಮನೆಗಳಿಲ್ಲ. ಬರೀ ಕಂಬಗಳು. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸ್ಟಿಲ್ಟ್ ಅಂತ ಬಿಡುತ್ತಾರಲ್ಲ, ಹಾಗೆ. ಆದರೆ ಕಾರು ನಿಲ್ಲಿಸೋಕೆ ಅಲ್ಲ. ಆಚೆ ಬದಿಯ ಮರಗಳು ಈಚೆಯಿಂದ ಕಾಣಬೇಕು, ಪಾರ್ಕ್ ಕಟ್ಟಡದ ಕೆಳಗೇ ಹಾದು ಹೋಗಬೇಕು ಅಂತ. ಅದರ ಮೇಲೆ 80 ಮೀಟರಿಗಿಂತ ಉದ್ದದ ಕಟ್ಟಡ, ಉತ್ತರ ದಕ್ಷಿಣಕ್ಕೆ ಚಾಚಿಕೊಂಡಿದೆ. ಮಲಗುವ ಕೋಣೆಗಳು ಪೂರ್ವಕ್ಕೆ, ಕೂರುವ ಕೋಣೆಗಳು ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಎಬ್ಬಿಸುತ್ತದೆ, ಕೆಲಸ ಮುಗಿಸಿ ಬಂದಾಗ ಸಂಜೆ ಬಿಸಿಲು ಎದುರುಗೊಳ್ಳುತ್ತದೆ.

ಎಫ್ ಮನೆ ಬಹಳ ಚಿಕ್ಕದು. ಒಂಟಿಯಾಗಿರುವವರಿಗೆ ಅಥವಾ ಗಂಡ ಹೆಂಡತಿಗೆ ಸಾಕಾಗುವಷ್ಟು. ತಗ್ಗಾದ ಕಾರಿಡಾರ್‌ನಿಂದ ಒಳಗೆ ಬಂದರೆ ಕೆಲವು ಮೆಟ್ಟಿಲು. ಪಕ್ಕದ ಬಾಗಿಲು ತೆರೆದರೆ ಮೆಟ್ಟಿಲು ಕೆಳಗಿಳಿಯುತ್ತದೆ, ಇದರಲ್ಲಿ ಮೇಲೇರುತ್ತದೆ. ಮಲಗುವ ಜಾಗ ಮತ್ತು ಬಚ್ಚಲಿನ ಸೂರು ತಗ್ಗು, ಸುಮಾರು 2.3 ಮೀಟರ್. ಕೂರುವ ಕೋಣೆಯ ಸೂರು ಎತ್ತರ, ಸುಮಾರು 3.6 ಮೀಟರ್. ಮಲಗುವವರಿಗೆ ಎತ್ತರ ಯಾಕೆ ಬೇಕು, ಅಲ್ವಾ? ಅಲ್ಲಿ ಉಳಿಸಿದ ಎತ್ತರದಲ್ಲೇ ಕಾರಿಡಾರ್ ತೂರಿಸಿದರು. ಹಾಗಾಗಿ ಒಂದು ಕಾರಿಡಾರ್ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸಾಕಾಯಿತು. ಚಿಕ್ಕ ಮನೆಗೂ ಎರಡೂ ಕಡೆಯಿಂದ ಗಾಳಿ ಬೆಳಕು ಬಂತು. ಅಡುಗೆಗೆ ಗೋಡೆಯಲ್ಲೊಂದು ಗೂಡು ಮಾತ್ರ. ದೊಡ್ಡ ಕುಟುಂಬಗಳಿಗೆ ಕೆ ಅನ್ನೋ ಡ್ಯೂಪ್ಲೆಕ್ಸ್ ಮಾದರಿ ಇತ್ತು, ಅದರಲ್ಲಿ ಪುಟ್ಟ ಅಡುಗೆಮನೆ.

ಊಟ, ವ್ಯಾಯಾಮ, ಓದು ಇವಕ್ಕೆಲ್ಲ ಪಕ್ಕದಲ್ಲಿ ಬೇರೆ ಕಟ್ಟಡ. ಅಲ್ಲಿಗೆ ಹೋಗಲು ಮುಚ್ಚಿದ ಸೇತುವೆ. ಬಟ್ಟೆ ಒಗೆಯಲು ಇನ್ನೊಂದು ಚಿಕ್ಕ ಕಟ್ಟಡ. ಯಾರನ್ನೂ ಒತ್ತಾಯದಿಂದ ಸಾಮೂಹಿಕ ಬದುಕಿಗೆ ತಳ್ಳಬಾರದು, ಬೇಕೆನಿಸಿದಾಗ ತಾವಾಗಿಯೇ ಆ ಕಡೆ ನಡೆಯಲಿ ಅನ್ನೋದು ಗಿಂಜ್‌ಬುರ್ಗ್ ಅವರ ನಿಲುವು. ಅದಕ್ಕೇ ಇದನ್ನು ಪರಿವರ್ತನೆಯ ಕಾಲದ ಮನೆ ಅಂತ ಕರೆದರು. ಆ ವರ್ಷಗಳಲ್ಲಿ ಮಾಸ್ಕೋಗೆ ಬಂದು ಹೋಗುತ್ತಿದ್ದ ಫ್ರಾನ್ಸ್‌ನ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಈ ತಂಡದ ಕೆಲಸವನ್ನು ಹತ್ತಿರದಿಂದ ಬಲ್ಲವರು. ಎರಡನೇ ಮಹಾಯುದ್ಧದ ನಂತರ ಅವರು ಮಾರ್ಸೇಯಲ್ಲಿ ಕಟ್ಟಿದ ದೊಡ್ಡ ವಸತಿ ಕಟ್ಟಡದಲ್ಲಿ ಇದರ ನೆರಳು ಕಾಣುತ್ತದೆ.

ಸಮಸ್ಯೆ ಎಲ್ಲಿಂದ ಶುರು

ಮೊದಲ ಪೆಟ್ಟು ಬಿದ್ದದ್ದು ಮಳೆಯಿಂದ ಅಲ್ಲ, ರಾಜಕೀಯದಿಂದ. 1932ರಲ್ಲಿ ಎಲ್ಲಾ ಕಲಾ ಗುಂಪುಗಳನ್ನು ವಿಸರ್ಜಿಸುವ ಆದೇಶ ಬಂತು. ಆಮೇಲೆ ಕಂಬ, ಕಮಾನು, ಶಿಲ್ಪ ಇರುವ ಭಾರೀ ಕಟ್ಟಡಗಳ ಕಾಲ. ಕನ್‌ಸ್ಟ್ರಕ್ಟಿವಿಸಂ ಬೈಗುಳದ ಮಾತಾಯಿತು. ಸಾಮೂಹಿಕ ಊಟದ ಮನೆ ಹೆಚ್ಚು ದಿನ ನಡೆಯಲಿಲ್ಲ. ಜನ ತಮ್ಮ ತಮ್ಮ ಮನೆಯಲ್ಲೇ ಒಲೆ ಹೂಡಿದರು.

ಮುಂದಿನ ದಶಕಗಳಲ್ಲಿ ವಸತಿ ಕೊರತೆ ಇನ್ನೂ ಹೆಚ್ಚಾಯಿತು. ಕೆಳಗಿನ ಖಾಲಿ ಜಾಗವನ್ನು ಗೋಡೆ ಹಾಕಿ ಮುಚ್ಚಿ ಅಲ್ಲೂ ಮನೆ ಮಾಡಿದರು. ಕಂಬಗಳ ಮೇಲೆ ತೇಲುತ್ತಿದ್ದ ಕಟ್ಟಡ ನೆಲಕ್ಕೆ ಕೂತುಬಿಟ್ಟಿತು. ಒಂದು ಕುಟುಂಬದ ಮನೆಯಲ್ಲಿ ಹಲವು ಕುಟುಂಬ ಸೇರಿಕೊಂಡವು.

ಎರಡನೇ ಸಮಸ್ಯೆ ಸಾಮಗ್ರಿ. ಸೋವಿಯತ್ ಅವಾಂಗಾರ್ಡ್ ಕಟ್ಟಡಗಳನ್ನು, ಅಂದರೆ ಹಳೆ ರೂಢಿ ಮುರಿದು ಪ್ರಯೋಗ ಮಾಡಿದ ಆ ಕಾಲದ ಕಟ್ಟಡಗಳನ್ನು, ಉಳಿಸುವ ಕಷ್ಟ ನಿಜಕ್ಕೂ ಇರುವುದು ಇಲ್ಲಿಯೇ. ಫೋಟೋದಲ್ಲಿ ಅವು ಯಂತ್ರದಿಂದ ಬಂದ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಬಡ ದೇಶದ ಕೈಕೆಲಸ. ಸಿಮೆಂಟ್ ಸಾಲದು, ಉಕ್ಕು ಸಾಲದು. ನಾರ್ಕೋಮ್‌ಫಿನ್‌ನಲ್ಲಿ ಚೌಕಟ್ಟು ಮಾತ್ರ ಆರ್‌ಸಿಸಿ. ಗೋಡೆ ತುಂಬಿದ್ದು ಹಾಲೋ ಬ್ಲಾಕ್‌ನಿಂದ. ಚಳಿ ಒಳಗೆ ಬಾರದ ಹಾಗೆ ಕಾಂಕ್ರೀಟ್ ಭಾಗಗಳಿಗೆ ಹಚ್ಚಿದ್ದು ಜೊಂಡಿನ ಹಲಗೆ. ಹೌದು, ಕೆರೆಯಂಚಿನಲ್ಲಿ ಬೆಳೆಯುತ್ತಲ್ಲ, ಆ ಜೊಂಡು. ಒಣಗಿಸಿ, ಒತ್ತಿ, ತಂತಿಯಲ್ಲಿ ಕಟ್ಟಿ, ಮೇಲೆ ಗಾರೆ ಬಳಿಯುವುದು. ಒಣಗಿದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಮ್ಮೆ ನೀರು ಹೊಕ್ಕರೆ ಕೊಳೆತು ಪುಡಿಯಾಗುತ್ತದೆ.

ಪ್ರೊಖೊರೊವ್ ಇನ್ನೂ ಒಂದು ಜಾಣತನ ಮಾಡಿದ್ದರು. ಹಾಲೋ ಬ್ಲಾಕ್‌ಗಳ ಒಳಗಿನ ತೂತುಗಳಲ್ಲೇ ಕೊಳವೆ, ಗಾಳಿ ದಾರಿ ಎಲ್ಲ ಸಾಗಿಸಿದರು. ಕೋಣೆಯೊಳಗೆ ಒಂದು ಪೈಪೂ ಕಾಣದು. ಚೆಂದ. ಆದರೆ ಐವತ್ತು ವರ್ಷ ಆದ ಮೇಲೆ ಪೈಪ್ ಒಡೆದರೆ? ಪ್ಲಂಬರ್ ಎಲ್ಲಿ ಅಗೆಯಬೇಕು? ಅಗೆದರೆ ನೆಲ ಹೋಗುತ್ತದೆ, ಅಗೆಯದಿದ್ದರೆ ಗೋಡೆ ಹೋಗುತ್ತದೆ. ಚಪ್ಪಟೆ ಸೂರಿನ ಮಳೆ ನೀರೂ ಕಟ್ಟಡದ ಒಳಗಿಂದಲೇ ಇಳಿಯಬೇಕಿತ್ತು. ಅದು ಕಟ್ಟಿಕೊಂಡಾಗ ತೇವ ಒಳಗೇ ಹರಡಿತು.

ಮೂರನೆಯದು ಒಡೆತನ. ಸೋವಿಯತ್ ಒಕ್ಕೂಟ ಮುರಿದ ಮೇಲೆ ಅದೇ ಕಟ್ಟಡದಲ್ಲಿ ಕೆಲವು ಮನೆ ಖಾಸಗಿಯಾದವು, ಕೆಲವು ನಗರದ ಕೈಯಲ್ಲಿ ಉಳಿದವು. ಊಟದ ಮನೆಯ ಕಟ್ಟಡ ಬೇರೆ, ಬಟ್ಟೆ ಒಗೆಯುವ ಕಟ್ಟಡ ಬೇರೆ. ಒಂದೇ ಸೂರಿಗೆ ಹತ್ತಾರು ಒಡೆಯರು. ಸೂರು ಸೋರಿದರೆ ದುಡ್ಡು ಹಾಕಬೇಕಾದವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಪಟ್ಟಿಯಲ್ಲಿ ಹೆಸರಿದ್ದೂ ಏನೂ ನಡೆಯಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲ ಪ್ರಯತ್ನ ಮನೆಯೊಳಗಿಂದಲೇ ಬಂತು. ಗಿಂಜ್‌ಬುರ್ಗ್ ಅವರ ಮಗ ಮತ್ತು ಮೊಮ್ಮಗ ಇಬ್ಬರೂ ವಾಸ್ತುಶಿಲ್ಪಿಗಳು. 1990ರ ದಶಕದಿಂದಲೇ ಅವರು ಕಟ್ಟಡ ಅಳೆದು, ದುರಸ್ತಿ ಯೋಜನೆ ಬರೆದು, ಕಚೇರಿಯಿಂದ ಕಚೇರಿಗೆ ಒಯ್ದರು. ದುಡ್ಡು ಬರಲಿಲ್ಲ. ಮಗ ತೀರಿಕೊಂಡರು, ಮೊಮ್ಮಗ ಮುಂದುವರಿಸಿದರು. ಆ ವರ್ಷಗಳು ವ್ಯರ್ಥವಾದವು ಅಂತ ಹೊರಗಿನವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಮುಂದೆ ದುಡ್ಡು ಬಂದ ದಿನ ಅಳತೆ, ನಕ್ಷೆ, ಯಾವ ಗೋಡೆ ಹಳೆಯದು ಯಾವುದು ಆಮೇಲಿನದು ಅನ್ನೋ ತಿಳಿವಳಿಕೆ, ಎಲ್ಲವೂ ಮೇಜಿನ ಮೇಲೆ ತಯಾರಿತ್ತು.

ಎರಡನೆಯದು ಹೊರಗಿನ ಒತ್ತಡ. ಸ್ಮಾರಕಗಳ ರಕ್ಷಣೆಗೆ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಈ ಮನೆಯನ್ನು ಮೂರು ಸಲ ಹಾಕಿತು: 2002, 2004 ಮತ್ತು 2006ರಲ್ಲಿ. 2006ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲೇ ಇಪ್ಪತ್ತನೇ ಶತಮಾನದ ಕಟ್ಟಡಗಳ ರಕ್ಷಣೆ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮಳೆ ನೀರು ಒಂದು ಹನಿಯೂ ಕಡಿಮೆಯಾಗಲಿಲ್ಲ ನಿಜ. ಆದರೆ ಇಂಥ ಕಟ್ಟಡವನ್ನು ರಾತ್ರೋರಾತ್ರಿ ಕೆಡವಿದರೆ ಲೋಕ ನೋಡುತ್ತದೆ ಅನ್ನೋ ಭಯ ಹುಟ್ಟಿತು. ಊರ ನಡುವಿನ ಜಾಗ, ಪಕ್ಕದಲ್ಲೇ ಅಮೆರಿಕದ ರಾಯಭಾರ ಕಚೇರಿ, ಬಂಗಾರದ ಬೆಲೆಯ ನೆಲ. ಆ ಭಯ ಇಲ್ಲದಿದ್ದರೆ ಕಟ್ಟಡ ಉಳಿಯುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಮೂರನೆಯದು ಮಾರುಕಟ್ಟೆ. 2000ದ ದಶಕದ ನಡುವೆ ಒಂದು ಕಂಪನಿ ಮನೆಗಳನ್ನು ಒಂದೊಂದಾಗಿ ಕೊಳ್ಳತೊಡಗಿತು. ಹೋಟೆಲ್ ಮಾಡುವ ಯೋಚನೆ. ಚಿಕ್ಕ ಚಿಕ್ಕ ಎಫ್ ಮನೆಗಳು ಹೋಟೆಲ್ ಕೋಣೆಗೆ ಹೇಳಿ ಮಾಡಿಸಿದ ಹಾಗಿದ್ದವು. ಮೊಮ್ಮಗನೂ ಆ ಯೋಜನೆಗೆ ನಕ್ಷೆ ಹಾಕಲು ಒಪ್ಪಿದರು. ಆಗ ಕೆಲವರಿಗೆ ಇದು ಸರಿ ಕಾಣಲಿಲ್ಲ. ಆದರೆ ಸೋರುವ ಕಟ್ಟಡಕ್ಕೆ ಒಬ್ಬ ಒಡೆಯ ಸಿಗುವುದೇ ದೊಡ್ಡದು ಅನ್ನೋ ಅವರ ಲೆಕ್ಕ ತಪ್ಪೇನಲ್ಲ. 2008ರಲ್ಲಿ ಆರ್ಥಿಕ ಕುಸಿತ ಬಂತು. ಯೋಜನೆ ಅಲ್ಲಿಗೇ ನಿಂತಿತು.

ಖಾಲಿ ಬಿದ್ದ ಮನೆಗಳನ್ನು ಕಲಾವಿದರು, ವಿನ್ಯಾಸಕಾರರು ಬಾಡಿಗೆಗೆ ಹಿಡಿದರು. ಸೂರಿನ ಮೇಲೆ ಜನ ಸೇರತೊಡಗಿದರು. ಇದು ಕಟ್ಟಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಅಲ್ಲಿಯ ತನಕ ಫೋಟೋದಲ್ಲಿ ಮಾತ್ರ ನೋಡಿದ್ದ ಯುವಕರು ಆ ಮೆಟ್ಟಿಲು ಹತ್ತಿದರು, ಪಶ್ಚಿಮದ ಕಿಟಕಿಯ ಮುಂದೆ ಕೂತರು. ಎತ್ತರ ತಗ್ಗುಗಳ ಸುಖ ಮೈಗೆ ತಾಕಿದ ಮೇಲೆ ಇದನ್ನು ಹಳೆ ಗೂಡು ಅಂತ ಅನ್ನೋರು ಕಡಿಮೆಯಾದರು.

ಅದೇ ಹೊತ್ತಿಗೆ ಕೆಟ್ಟ ಕೆಲಸವೂ ನಡೆಯಿತು. ಪೂರ್ತಿ ಯೋಜನೆ ಇಲ್ಲದೆ ಅಲ್ಲಲ್ಲಿ ದುರಸ್ತಿ ಶುರುವಾಯಿತು. ಹಳೆ ಕಿಟಕಿಗಳಿಗೆ ಕೈ ಹಾಕಿದರು. ಸಂರಕ್ಷಣೆಯವರು ಪ್ರತಿಭಟಿಸಿದರು, ಪತ್ರ ಬರೆದರು. ಕಟ್ಟಡ ಪೂರ್ತಿ ಬೀಳುವುದಕ್ಕಿಂತ ಹೀಗೆ ತುಣುಕು ತುಣುಕಾಗಿ ಹೊಸದಾಗುವುದೇ ಜಾಸ್ತಿ ಅಪಾಯ. ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಕಿಟಕಿ ಬದಲಾದರೆ ಹತ್ತು ವರ್ಷದ ನಂತರ ಅದೇ ಹಳೆಯದು ಅಂತ ಜನ ನಂಬಿಬಿಡುತ್ತಾರೆ.

ತಿರುವು

ಎಲ್ಲ ಬದಲಾದದ್ದು ಒಡೆತನ ಒಂದೇ ಕೈಗೆ ಬಂದ ಮೇಲೆ. ನಗರದ ಪಾಲು ಹರಾಜಿಗೆ ಬಂತು, ಇನ್ನೊಂದು ಕಂಪನಿ ಕೊಂಡುಕೊಂಡಿತು. ಉಳಿದ ಪಾಲುಗಳೂ ಹೆಚ್ಚುಕಡಿಮೆ ಅದರ ಕೈ ಸೇರಿದವು. ಆ ಕಂಪನಿ ಮಾಡಿದ ಮೊದಲ ನಿರ್ಧಾರವೇ ದೊಡ್ಡದು: ಹೋಟೆಲ್ ಬೇಡ, ಮನೆಯಾಗಿಯೇ ಇರಲಿ. ಎರಡನೆಯದು, ನಕ್ಷೆ ಮತ್ತು ದುರಸ್ತಿಯ ಹೊಣೆ ಮೊಮ್ಮಗನಿಗೇ ಕೊಟ್ಟಿತು. 2017ರಲ್ಲಿ ಕೆಲಸ ಶುರುವಾಗಿ 2020ರಲ್ಲಿ ಮುಗಿಯಿತು.

ಕೆಲಸದ ನಡುವೆ ಹಲವು ಪ್ರಶ್ನೆಗಳು ಎದ್ದವು. ಎಲ್ಲವನ್ನೂ ಹೇಳುವುದಿಲ್ಲ. ನನಗೆ ಮುಖ್ಯ ಅನಿಸಿದ್ದನ್ನು ಮಾತ್ರ ಬಿಡಿಸುತ್ತೇನೆ.

ಕೆಳಗಿನ ಮನೆಗಳನ್ನು ತೆಗೆಯಬೇಕೆ ಬಿಡಬೇಕೆ? ಮಾರುವ ಕಂಪನಿಗೆ ಒಂದೊಂದು ಚದರ ಮೀಟರೂ ದುಡ್ಡು. ಅಷ್ಟು ದೊಡ್ಡ ಮಹಡಿಯನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆದರೂ ಗೋಡೆ ಒಡೆದು, ಕಂಬಗಳನ್ನು ಬಯಲು ಮಾಡಿದರು. ಇಡೀ ದುರಸ್ತಿಯಲ್ಲಿ ಒಂದೇ ಒಂದು ನಿರ್ಧಾರ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಬಣ್ಣ ತಪ್ಪಾದರೆ ಮುಂದಿನವರು ಮತ್ತೆ ಬಳಿಯಬಹುದು. ಕೆಳಗಿನ ಗಾಳಿ ಮುಚ್ಚಿದ್ದರೆ ಮೇಲಿನದ್ದೆಲ್ಲ ಎಷ್ಟು ಚೆಂದ ಮಾಡಿದರೂ ಅದು ನೆಲಕ್ಕೆ ಕೂತ ಕಟ್ಟಡವೇ.

ಕೊಳೆತ ಜೊಂಡನ್ನು ಏನು ಮಾಡುವುದು? ಕಲ್ಲಿನ ದೇವಸ್ಥಾನ ದುರಸ್ತಿ ಮಾಡುವವರಿಗೆ ಉತ್ತರ ಸುಲಭ. ಹಳೆ ಕಲ್ಲೇ ಸ್ಮಾರಕ, ಆದಷ್ಟು ಅದನ್ನೇ ಉಳಿಸಿ. ಇಲ್ಲಿ ಹಾಗಲ್ಲ. ಜೊಂಡಿನ ಹಲಗೆಯನ್ನು ಹಾಕಿದವರಿಗೆ ಜೊಂಡಿನ ಮೇಲೆ ಭಕ್ತಿ ಇರಲಿಲ್ಲ. ಬೇರೆ ಸಿಗಲಿಲ್ಲ, ಹಾಕಿದರು. ಅವರಿಗೆ ಬೇಕಿದ್ದದ್ದು ತೆಳ್ಳಗಿನ ಗೋಡೆ, ಬೆಚ್ಚಗಿನ ಮನೆ. ಹಾಗಾಗಿ ಕೊಳೆತ ಕಡೆ ಇಂದಿನ ಪದರ ಹಾಕಿದರು. ಆದರೆ ಗೋಡೆ ದಪ್ಪವಾಗಬಾರದು ಅನ್ನೋ ಕಟ್ಟುನಿಟ್ಟು. ಮೂರು ಬೆರಳು ದಪ್ಪ ಜಾಸ್ತಿಯಾದರೂ ಸಾಕು, ಕಿಟಕಿ ಒಳಗೆ ಹೂತುಹೋಗಿ ಆ ಹಗುರತನ ಮಾಯವಾಗುತ್ತದೆ. ಚೌಕಟ್ಟಿಗೆ, ಬ್ಲಾಕ್ ಗೋಡೆಗೆ ಮಾತ್ರ ಬೇರೆ ಮಾನದಂಡ. ಅದನ್ನು ಸಾಧ್ಯವಾದಷ್ಟೂ ಹಳೆಯದನ್ನೇ ಉಳಿಸಿದರು. ಚೌಕಟ್ಟು ನಿಲ್ಲುವಷ್ಟು ಗಟ್ಟಿ ಇತ್ತು ಅನ್ನೋದೇ ಈ ಕಥೆಯ ಅದೃಷ್ಟ.

ಇದೇ ಊರಿನ ಇನ್ನೊಂದು ಕಟ್ಟಡದ ಜತೆ ಇದನ್ನು ಹೋಲಿಸಬೇಕು. ಇವಾನ್ ನಿಕೊಲಾಯೆವ್ ಅವರು 1929-30ರಲ್ಲಿ ಎರಡು ಸಾವಿರ ವಿದ್ಯಾರ್ಥಿಗಳಿಗೆ ಕಟ್ಟಿದ ಹಾಸ್ಟೆಲ್. 200 ಮೀಟರ್ ಉದ್ದ. ಇಬ್ಬರಿಗೆ ಒಂದು ಮಲಗುವ ಗೂಡು, ಸುಮಾರು 6 ಚದರ ಮೀಟರ್. ಅದನ್ನು ಮತ್ತೆ ಹಾಸ್ಟೆಲ್ ಮಾಡಿದಾಗ ಮಲಗುವ ಭಾಗದ ಒಳಗೋಡೆಗಳನ್ನೆಲ್ಲ ತೆಗೆದು ದೊಡ್ಡ ಕೋಣೆ ಮಾಡಿದರು. ಹೊರಗಿನಿಂದ ಅದೇ ಕಟ್ಟಡ. ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ, ಅದು ಒಳ್ಳೆಯದೇ. ಆದರೆ ಆ ಕಟ್ಟಡದ ಪ್ರಯೋಗವೇ ಆ 6 ಚದರ ಮೀಟರ್ ಗೂಡು. ಮಾದರಿಗೆ ಒಂದು ಸಾಲನ್ನಾದರೂ ಹಾಗೇ ಬಿಡಬಹುದಿತ್ತು ಅಂತ ನನಗೆ ಅನಿಸುತ್ತದೆ. ಬಳಕೆ ಉಳಿಯಿತು, ಒಳಗಿನ ಹೊಂದಿಕೆ ಹೋಯಿತು. ನಾರ್ಕೋಮ್‌ಫಿನ್‌ನಲ್ಲಿ ಆದದ್ದು ಇದರ ತದ್ವಿರುದ್ಧ. ಅದಕ್ಕೆ ಆಮೇಲೆ ಬರುತ್ತೇನೆ.

ಬಣ್ಣದ ಕಥೆ

ಕಪ್ಪು ಬಿಳುಪು ಫೋಟೋಗಳಿಂದಾಗಿ ಇಂಥ ಕಟ್ಟಡಗಳೆಲ್ಲ ಬರೀ ಬಿಳಿ ಅಂತ ನಾವು ಅಂದುಕೊಂಡಿದ್ದೇವೆ. ನಾರ್ಕೋಮ್‌ಫಿನ್ ಒಳಗೆ ಬಣ್ಣ ತುಂಬಿತ್ತು. ಜರ್ಮನಿಯ ಬೌಹೌಸ್ ಅನ್ನೋ ಹೆಸರಾಂತ ವಿನ್ಯಾಸ ಶಾಲೆಯ ಹಿನ್ನರ್ಕ್ ಶೆಪರ್ 1929ರಿಂದ ಮಾಸ್ಕೋದಲ್ಲಿ ಕೆಲಸ ಮಾಡುತ್ತಿದ್ದರು. ಅವರ ಜತೆ ಸೇರಿ ಗಿಂಜ್‌ಬುರ್ಗ್ ಎರಡು ಬಗೆಯ ಬಣ್ಣದ ಯೋಜನೆ ಮಾಡಿದರು, ಒಂದು ಬಿಸಿ ಬಣ್ಣಗಳದ್ದು, ಇನ್ನೊಂದು ತಣ್ಣನೆಯದ್ದು. ಚಿಕ್ಕ ಕೋಣೆಯಲ್ಲಿ ಹಳದಿ ಹತ್ತಿರ ಬರುತ್ತದೆ, ನೀಲಿ ದೂರ ಸರಿಯುತ್ತದೆ. ಜಾಗ ಕೊಡಲಾಗದಿದ್ದರೆ ಜಾಗ ಇದೆ ಅನ್ನೋ ಭಾವನೆಯನ್ನಾದರೂ ಕೊಡಬೇಕು ಅನ್ನೋದು ಲೆಕ್ಕ.

ಇದನ್ನು ಮತ್ತೆ ಕಂಡುಹಿಡಿಯುವ ಕೆಲಸ ನೋಡಲು ಸಣ್ಣದು. ಅಂಗೈ ಅಗಲದ ಒಂದು ಚೌಕ ಗುರುತು ಹಾಕಿಕೊಳ್ಳುತ್ತಾರೆ. ಚೂಪು ಚಾಕುವಿನಿಂದ ಮೇಲಿನ ಪದರ ಕೆರೆಯುತ್ತಾರೆ. ಸ್ವಲ್ಪ ಬಿಟ್ಟು ಇನ್ನೊಂದು ಪದರ, ಆಮೇಲೆ ಮತ್ತೊಂದು. ಮೆಟ್ಟಿಲು ಮೆಟ್ಟಿಲಾಗಿ ಬಣ್ಣಗಳು ಏಳುತ್ತವೆ. ಎಣ್ಣೆ ಬಣ್ಣ, ಸುಣ್ಣ, ಮತ್ತೆ ಎಣ್ಣೆ ಬಣ್ಣ. ಕೊನೆಗೆ ಗಾರೆಗೆ ಅಂಟಿಕೊಂಡ ತೆಳು ಬಣ್ಣ ಸಿಗುತ್ತದೆ. ತೊಂಬತ್ತು ವರ್ಷದ ಎಲ್ಲಾ ಬಾಡಿಗೆದಾರರೂ ಆ ಅಂಗೈ ಅಗಲದಲ್ಲಿದ್ದಾರೆ. ಆ ಕೊನೆಯ ಪದರ ಸಿಕ್ಕರೂ ಅದು ಮಾಸಿರುತ್ತದೆ. ಹಾಗಾಗಿ ಬರೆದಿಟ್ಟ ದಾಖಲೆ ಜತೆಗೆ ಬೇಕು. 1934ರಲ್ಲಿ ಗಿಂಜ್‌ಬುರ್ಗ್ ತಮ್ಮ ವಸತಿ ಪ್ರಯೋಗಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ನಕ್ಷೆ, ಸಾಮಗ್ರಿ, ಬಣ್ಣದ ತರ್ಕ, ಎಲ್ಲ ಅಲ್ಲಿತ್ತು. ತನ್ನ ಕಟ್ಟಡದ ಬಗ್ಗೆ ತಾನೇ ಇಷ್ಟು ಬಿಚ್ಚಿ ಬರೆದಿಟ್ಟ ವಾಸ್ತುಶಿಲ್ಪಿ ಸಿಗುವುದು ಅಪರೂಪ. ಮುಂದಿನವರಿಗೆ ದುರಸ್ತಿ ಕೈಪಿಡಿ ಬಿಟ್ಟು ಹೋದ ಹಾಗಾಯಿತು.

ಕಿಟಕಿಗಳ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ಅವು ಮರದ ಚೌಕಟ್ಟಿನ ಸ್ಲೈಡಿಂಗ್ ಕಿಟಕಿ. ಒಳಕ್ಕೆ ತೆರೆದುಕೊಳ್ಳುವ ಕಿಟಕಿ ಚಿಕ್ಕ ಮನೆಯಲ್ಲಿ ಜಾಗ ತಿನ್ನುತ್ತದೆ. ಪಕ್ಕಕ್ಕೆ ಸರಿದರೆ ಕಿಟಕಿ ಪಕ್ಕದಲ್ಲೇ ಮೇಜು ಇಡಬಹುದು. ಇದನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿದ್ದರೆ ಅಗ್ಗವಾಗುತ್ತಿತ್ತು. ಆದರೆ ಪ್ಲಾಸ್ಟಿಕ್ ಚೌಕಟ್ಟು ದಪ್ಪ. ಮರದಲ್ಲೇ, ಹಳೆಯ ತೆಳು ಅಳತೆಯಲ್ಲೇ, ಸರಿಯುವ ಹಾಗೇ ಮತ್ತೆ ಮಾಡಿದರು. ಉದ್ದಕ್ಕೂ ಒಂದೇ ಪಟ್ಟಿಯಂತೆ ಓಡುವ ಗಾಜಿನ ಸಾಲು ಅದರಿಂದಲೇ ಉಳಿಯಿತು.

ಏನಾಯಿತು

ಕಟ್ಟಡ ಉಳಿಯಿತು. ಇದು ಮೊದಲ ಮಾತು, ದೊಡ್ಡ ಮಾತು. ಕಂಬಗಳು ಮತ್ತೆ ಕಾಣುತ್ತವೆ. ಊಟದ ಮನೆಯ ದೊಡ್ಡ ಗಾಜಿನ ಗೋಡೆ ಮತ್ತೆ ಎದ್ದಿತು. ಬಟ್ಟೆ ಒಗೆಯುವ ಪುಟ್ಟ ಕಟ್ಟಡವೂ ದುರಸ್ತಿಯಾಯಿತು. ಸಾಮೂಹಿಕ ಕಟ್ಟಡಕ್ಕೆ ಪುಸ್ತಕದ ಅಂಗಡಿ, ಕಾಫಿ ಬಂದು, ಹೊರಗಿನವರೂ ಒಳಗೆ ಕಾಲಿಡುವ ಹಾಗಾಯಿತು.

ಆದರೆ ಮನೆಗಳು? ಕೆಲಸ ಮುಗಿಯುವ ಮೊದಲೇ ಮಾರಾಟಕ್ಕೆ ಇಟ್ಟಿದ್ದರು. ಊರ ನಡುವೆ, ಪಾರ್ಕ್ ಪಕ್ಕ, ಲೋಕಪ್ರಸಿದ್ಧ ಕಟ್ಟಡ. ಬೆಲೆ ದುಬಾರಿ. ಗುಮಾಸ್ತನೂ ಬದುಕಲಿ ಅಂತ ಯೋಚಿಸಿ ಮಾಡಿದ ಚಿಕ್ಕ ಮನೆ ಈಗ ಉಳ್ಳವರ ಸೊತ್ತು. ನಿಕೊಲಾಯೆವ್ ಹಾಸ್ಟೆಲ್‌ಗೆ ತದ್ವಿರುದ್ಧ ಅಂದದ್ದು ಇದಕ್ಕೇ. ಅಲ್ಲಿ ಬದುಕುವ ಜನ ಅವರೇ, ಒಳಮನೆ ಬದಲಾಯಿತು. ಇಲ್ಲಿ ಒಳಮನೆ ಉಳಿಯಿತು, ಜನ ಬದಲಾದರು.

ಇದನ್ನು ಸೋಲು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸರ್ಕಾರ ಮೂವತ್ತು ವರ್ಷ ದುಡ್ಡು ಕೊಡಲಿಲ್ಲ. ಮಾರಾಟದ ದುಡ್ಡಿಲ್ಲದೆ ಸೂರು ಹಾಕುವವರು ಇರಲಿಲ್ಲ. ಆದರೆ ಇದನ್ನು ಪೂರ್ತಿ ಗೆಲುವು ಅಂತಲೂ ಬರೆಯಬಾರದು. ಮುಂದಿನ ಸಲ ಇಂಥ ಕಟ್ಟಡ ಸಿಕ್ಕಾಗ ನಗರ ಒಂದಷ್ಟು ಮನೆಗಳನ್ನಾದರೂ ತನ್ನ ಕೈಯಲ್ಲಿ ಇಟ್ಟುಕೊಂಡು ಕಡಿಮೆ ಬಾಡಿಗೆಗೆ ಕೊಡಬಹುದೇ ಅನ್ನೋ ಪ್ರಶ್ನೆಯನ್ನು ಹರಾಜಿಗೆ ಮುಂಚೆಯೇ ಕೇಳಬೇಕು. ಹರಾಜಿನ ಮೇಲೆ ಕೇಳಿದರೆ ಉತ್ತರ ಗೊತ್ತಿರುವುದೇ.

ಇದರಿಂದ ನಾನು ಕಲಿತದ್ದು

ಪಟ್ಟಿಗೆ ಸೇರಿಸುವುದು ಶುರು ಅಷ್ಟೇ. ಆದರೆ ಅದು ಇಲ್ಲದಿದ್ದರೆ ಶುರುವೇ ಇಲ್ಲ. ನಮ್ಮ ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ವಿನ್ಯಾಸ ಮಾಡಿ, ಮಹೇಂದ್ರ ರಾಜ್ ಎಂಜಿನಿಯರ್ ಆಗಿದ್ದ ಹಾಲ್ ಆಫ್ ನೇಷನ್ಸ್ ಇತ್ತು. 1972ರದ್ದು. ಉಕ್ಕು ದುಬಾರಿ ಅಂತ ಕಾಂಕ್ರೀಟ್‌ನಲ್ಲೇ ಜಾಲರಿ ಹೆಣೆದು ನಿಲ್ಲಿಸಿದ್ದರು. ಅರವತ್ತು ವರ್ಷ ಆಗಿಲ್ಲ, ಹಾಗಾಗಿ ಪರಂಪರೆ ಅಲ್ಲ ಅಂದರು. 2017ರ ಏಪ್ರಿಲ್‌ನಲ್ಲಿ ಕೆಡವಿದರು. ಮಾಸ್ಕೋದಲ್ಲಿ ದುರಸ್ತಿ ಶುರುವಾದ ಅದೇ ವರ್ಷ. ನಾರ್ಕೋಮ್‌ಫಿನ್ ಪಟ್ಟಿಗೆ ಸೇರಿದಾಗ ಅದಕ್ಕೂ ಅರವತ್ತು ತುಂಬಿರಲಿಲ್ಲ.

ಕಾಯುವ ವರ್ಷಗಳಲ್ಲಿ ಅಳತೆ ತೆಗೆಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ದುಡ್ಡು ಬರುವ ದಿನ ಗೊತ್ತಿರುವುದಿಲ್ಲ, ಕೆಡುವ ದಿನವೂ ಗೊತ್ತಿರುವುದಿಲ್ಲ. ಸೋವಿಯತ್ ಅವಾಂಗಾರ್ಡ್ ಅಂದರೆ ಮಾಸ್ಕೋ ಮಾತ್ರ ಅಲ್ಲ. ಉಕ್ರೇನಿನ ಖಾರ್ಕಿವ್‌ನಲ್ಲಿ 1925ರಿಂದ 1928ರ ನಡುವೆ ಕಟ್ಟಿದ ಡೆರ್ಜ್‌ಪ್ರೋಮ್ ಇದೆ, ಆ ಕಾಲದ ಅತಿ ದೊಡ್ಡ ಕಾಂಕ್ರೀಟ್ ಕಟ್ಟಡಗಳಲ್ಲಿ ಒಂದು. ಎರಡನೇ ಮಹಾಯುದ್ಧ ದಾಟಿ ಬಂತು. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ದಾಳಿಗೆ ಅದರ ಒಂದು ಭಾಗ ಒಡೆಯಿತು. ಅಂಥ ಗೋಡೆಯನ್ನು ಮತ್ತೆ ಎಬ್ಬಿಸಬೇಕಾದರೆ ಮೊದಲೇ ತೆಗೆದಿಟ್ಟ ಅಳತೆಗಳೇ ಆಧಾರ.

ಸಾಮಗ್ರಿ ಕೆಟ್ಟರೆ ಏನು ಉಳಿಸುತ್ತಿದ್ದೇವೆ ಅನ್ನೋದನ್ನು ಕೆಲಸಕ್ಕೆ ಮುಂಚೆ ಬರೆದಿಡಬೇಕು. ನಾರ್ಕೋಮ್‌ಫಿನ್‌ನಲ್ಲಿ ಅದು ಸ್ಪಷ್ಟವಿತ್ತು: ಚೌಕಟ್ಟು, ಒಳಗಿನ ಎತ್ತರ ತಗ್ಗು, ಕೆಳಗಿನ ಬಯಲು, ಕಿಟಕಿಯ ತೆಳು, ಬಣ್ಣ. ಜೊಂಡು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಸ್ಥಳದಲ್ಲಿ ಗಾರೆಯವರು ಬಡಗಿಗಳು ಕೇಳಿದ ದಿನ ಉತ್ತರ ತಯಾರಿತ್ತು.

ಒಂದು ವಿಷಯ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಕೆಳಗಿನ ಮಹಡಿ ತೆರೆದದ್ದು ಸರಿ ಅಂತ ಮೇಲೆ ಬರೆದಿದ್ದೇನೆ, ಈಗಲೂ ಅದೇ ಹೇಳುತ್ತೇನೆ. ಆದರೆ ಆ ಕಂಬಗಳ ನಡುವೆ ಗೋಡೆ ಹಾಕಿಕೊಂಡು ದಶಕಗಳ ಕಾಲ ಜನ ಬದುಕಿದ್ದರು. ಅಲ್ಲಿ ಮಕ್ಕಳು ಹುಟ್ಟಿ ಬೆಳೆದರು, ಒಲೆ ಉರಿಯಿತು, ಚಳಿಗಾಲದಲ್ಲಿ ಒದ್ದೆ ಬಟ್ಟೆ ಒಣಗಿತು. ನಕ್ಷೆಯ ಲೆಕ್ಕದಲ್ಲಿ ಆ ಗೋಡೆಗಳು ಒತ್ತುವರಿ. ಗಿಂಜ್‌ಬುರ್ಗ್ ಉತ್ತರ ಹುಡುಕಿದ್ದು ಮನೆ ಇಲ್ಲದವರಿಗೆ. ಆ ಗೋಡೆಗಳ ಹಿಂದೆ ಇದ್ದವರೂ ಅವರೇ.